ಚೌಕಾಬಾರಕ್ಕೆ ಎಷ್ಟು ರೇಟು?

ಕೊಳ್ಳೇಗಾಲದ ನಮ್ಮ ಬೀದಿಯ ಹುಡುಗನೊಬ್ಬ ಮೊಬೈಲಿಗೆ ಚೌಕಾಬಾರ ಮಾಡಿದ್ದಾನೆ. ಅವನ ಮೊದಲ ಗೇಮ್. 'ಕಾಸಿಗೆ ಬಿಡಲಾ ಅಣ್ಣ, ಪುಕ್ಕಟೆ ಬಿಡಲಾ?' ಅಂತ ಕೇಳಿದ. ಸುದ್ದಿಗೆ ಇಷ್ಟು ಅಂತ ಕಾಸು ಎಣಿಸಿಕೊಳ್ಳುವ ಸ್ಟ್ರಿಂಗರ್‌ಗಳು ನಾವು. ಒಮ್ಮೆ ಪುಕ್ಕಟೆ ಕೊಟ್ಟರೆ ಆಮೇಲೆ ರೇಟು ಕೇಳುವುದು ಎಷ್ಟು ಕಷ್ಟ ಅಂತ ಬಲ್ಲೆವು.

ಪ್ಲೇ ಸ್ಟೋರ್ ನಿಯಮವೂ ಹಾಗೇ ಇದೆ. ಉಚಿತವಾಗಿ ಬಿಟ್ಟ ಆ್ಯಪ್ಪಿಗೆ ಆಮೇಲೆ ಬೆಲೆ ಇಡುವಂತಿಲ್ಲ. ಮೊದಲೇ 50 ರೂಪಾಯಿ ಇಟ್ಟರೆ? ಹುಣಸೆ ಬೀಜ ಉಜ್ಜಿ ಜಗುಲಿಯಲ್ಲಿ ಆಡುವ ಆಟಕ್ಕೆ ನೋಡದೆ ಯಾರು ಕಾಸು ಕೊಡುತ್ತಾರೆ? ಜಾಹೀರಾತು ಹಾಕಿದರೆ ಸಾವಿರಾರು ಜನ ದಿನಾ ಆಡಬೇಕು, ಆಗಲೇ ನಾಲ್ಕು ಕಾಸು.

ನಾವು ಹೇಳಿದ್ದು ಇಷ್ಟು: 25 ಮನೆಯ ಆಟ ಉಚಿತವಾಗಿರಲಿ. 49 ಮನೆಯ ದೊಡ್ಡಾಟ ಬೇಕಾದವರು ಆ್ಯಪ್ ಒಳಗೇ ಒಂದೇ ಸಲ 50 ರೂಪಾಯಿ ಕೊಡಲಿ. ಇದಕ್ಕೆ ನಿಯಮದ ಅಡ್ಡಿಯಿಲ್ಲ. ಸಣ್ಣವರಿಂದ ಗೂಗಲ್ ಹಿಡಿಯುವ ಪಾಲು 2021ರಲ್ಲಿ ನೂರಕ್ಕೆ 30ರಿಂದ 15ಕ್ಕೆ ಇಳಿಯಿತು. ಖಾತೆ ತೆರೆಯಲು ಕಟ್ಟುವ 25 ಡಾಲರ್, ತೆರಿಗೆ ಕಳೆದರೂ, ಅರವತ್ತೆಪ್ಪತ್ತು ಜನ ಕೊಂಡರೆ ವಾಪಸ್.

ಪಣ ಕಟ್ಟಿ ಆಡಿಸುವುದು ಮಾತ್ರ ಬೇಡ. 2025ರ ಕೇಂದ್ರ ಕಾನೂನು ಅದನ್ನು ನಿಷೇಧಿಸಿದೆ. ಆಡಿ ನೋಡಿ ಕೊಂಡವರು ಅವನ ಎರಡನೇ ಗೇಮನ್ನೂ ಕೇಳುತ್ತಾರೆ. ಮೊದಲ ಗೇಮಿಗೆ ಅದೇ ದೊಡ್ಡ ಲಾಭ.