ಶೆಡ್ಡಿನಲ್ಲಿ ನಿಂತ ಕಾರು

ನಿಮ್ಮ ಮನೆಯ ಅಟ್ಟದ ಮೇಲೋ, ಹಿತ್ತಿಲಿನ ಮೂಲೆಯಲ್ಲೋ ಹಿರಿಯರು ಬಿಟ್ಟುಹೋದ ಒಂದಲ್ಲ ಒಂದು ವಸ್ತು ಇದ್ದೇ ಇರುತ್ತದೆ. ಅದು ನಿಂತುಹೋದ ಗೋಡೆ ಗಡಿಯಾರವಿರಬಹುದು, ತುಕ್ಕು ಹಿಡಿದ ಹೊಲಿಗೆ ಯಂತ್ರವಿರಬಹುದು, ತಂತಿ ಹರಿದ ಪಿಟೀಲಿರಬಹುದು. ಅದನ್ನು ಮಾರಲು ಮನಸ್ಸು ಬಾರದು, ಸರಿಪಡಿಸಲು ಬಿಡುವು ಸಿಗದು. "ಇರಲಿ ಬಿಡಿ, ಅಪ್ಪನ ನೆನಪು" ಎಂದು ಹೇಳಿ ನಾವು ನಮ್ಮ ಕೆಲಸಕ್ಕೆ ಹೊರಟುಬಿಡುತ್ತೇವೆ. ನನ್ನ ಮನೆಯಲ್ಲಿ ಅಂತಹ ವಸ್ತು ಒಂದು ಕಾರು. ಅದು ಹದಿನೆಂಟು ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಅದು ಮತ್ತೆ ರಸ್ತೆಗಿಳಿದ ಕತೆಯನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂದು ಈ ಬರಹ.

ಅಪ್ಪ ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದರು. ಆ ಕಾಲದಲ್ಲಿ ಕಾರು ಕೊಳ್ಳುವುದೆಂದರೆ ಹಣ ಕಟ್ಟಿ ವರ್ಷಗಟ್ಟಲೆ ಸರದಿ ಕಾಯುವುದು. ಅಪ್ಪನ ಸರದಿ ಬಂದದ್ದು 1979ರಲ್ಲಿ. ತಿಳಿಹಸಿರು ಬಣ್ಣದ ಪ್ರೀಮಿಯರ್ ಪದ್ಮಿನಿ ನಮ್ಮ ಓಣಿಗೆ ಬಂದ ದಿನ ಅವ್ವ ಅದರ ಚಕ್ರಗಳಿಗೆ ನೀರು ಹಾಕಿ ತೊಳೆದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಕಿರಿಯ ಓದುಗರಿಗಾಗಿ ಈ ಕಾರಿನ ಬಗ್ಗೆ ಎರಡು ಮಾತು. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆ, ಇಟಲಿಯ ಫಿಯಟ್ ಕಂಪನಿಯ ಪರವಾನಗಿ ಪಡೆದು ಮುಂಬಯಿಯ ಕುರ್ಲಾ ಕಾರ್ಖಾನೆಯಲ್ಲಿ ಇದನ್ನು ತಯಾರಿಸುತ್ತಿತ್ತು. 1964ರಲ್ಲಿ ಫಿಯಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ಬಂದ ಕಾರೇ ಮುಂದೆ 1974ರ ಹೊತ್ತಿಗೆ ಚಿತ್ತೋಡಿನ ರಾಣಿಯ ಹೆಸರು ಹೊತ್ತು ಪದ್ಮಿನಿಯಾಯಿತು. 1089 ಸಿ.ಸಿ.ಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಗೇರಿನ ಹಿಡಿ ಕೆಳಗಲ್ಲ, ಸ್ಟಿಯರಿಂಗಿನ ಪಕ್ಕದಲ್ಲೇ. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ಇವು ದಶಕಗಳ ಕಾಲ ಓಡಿದವು. ಅಲ್ಲಿ 2003ರಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ, ಇಪ್ಪತ್ತು ವರ್ಷಗಳ ವಯೋಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ನಿವೃತ್ತವಾಯಿತು.

ಅಪ್ಪ ತೀರಿಕೊಂಡದ್ದು 2006ರಲ್ಲಿ. ಕೊನೆಯ ದಿನಗಳಲ್ಲಿ ಅವರನ್ನು ಆಸ್ಪತ್ರೆಗೆ ಕರೆದೊಯ್ದು ಕರೆತಂದದ್ದು ಅದೇ ಕಾರಿನಲ್ಲಿ. ಓಡಿಸಿದವನು ನನ್ನ ಅಣ್ಣ. ಒಂದು ಸಂಜೆ ಅಪ್ಪ ನನ್ನನ್ನು ಹತ್ತಿರ ಕರೆದು, "ವಾರಕ್ಕೊಮ್ಮೆಯಾದರೂ ಶುರು ಮಾಡು ಮಗ, ನಿಂತರೆ ಕೆಡುತ್ತದೆ" ಎಂದಿದ್ದರು. "ಆಯಿತಪ್ಪ" ಎಂದು ಮಾತು ಕೊಟ್ಟೆ.

ಅಪ್ಪ ಹೋದ ಆರು ತಿಂಗಳಿಗೆ ಮನೆ ಪಾಲಾಯಿತು. ಅವ್ವ ಮೊದಲೇ ತೀರಿಕೊಂಡಿದ್ದರಿಂದ ಮನೆಯಲ್ಲಿ ನಾವಿಬ್ಬರೇ. ಮನೆ ನನ್ನ ಪಾಲಿಗೆ ಬಂತು. ನಿವೇಶನ ಮತ್ತು ಸ್ವಲ್ಪ ಹಣ ಅಣ್ಣನ ಪಾಲಿಗೆ ಹೋಯಿತು. ಕಾರಿನ ಮಾತು ಬಂದಾಗ ಅಣ್ಣ ಮಾರಿಬಿಡೋಣ ಎಂದ. ಕೊಳ್ಳುವವರೂ ಸಿದ್ಧರಿದ್ದರು. ನಾನು ಕೆರಳಿದೆ. "ಅಪ್ಪನ ಕಾರಿಗೂ ನಿನಗೆ ಬೆಲೆ ಕಟ್ಟಬೇಕೆನ್ನಿಸಿತೇ?" ಎಂದು ಬಂಧುಗಳ ಮುಂದೆಯೇ ಕೇಳಿದೆ. ಅಣ್ಣ ಉತ್ತರ ಕೊಡದೆ ಎದ್ದು ಹೋದ. ಅವನು ಮೈಸೂರಿನಲ್ಲಿ ನೆಲೆಸಿದ ಮೇಲೆ ನಮ್ಮ ನಡುವಿನ ಮಾತು ಮದುವೆ, ಸಾವುಗಳ ಮಟ್ಟಿಗೆ ಉಳಿಯಿತು.

ಕಾರು ನನ್ನಲ್ಲಿ ಉಳಿಯಿತು. ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಶುರು ಮಾಡಿದೆ. ಆಮೇಲೆ ಪರೀಕ್ಷೆಯ ಉತ್ತರಪತ್ರಿಕೆಗಳು, ಮಕ್ಕಳ ಓದು, ಮಳೆಗಾಲ ಎಂದು ಒಂದಾದ ಮೇಲೊಂದು ನೆಪ. ಬ್ಯಾಟರಿ ಇಳಿಯಿತು. ಹೊಸದು ತರಬೇಕೆಂದುಕೊಂಡೆ, ತರಲಿಲ್ಲ. ಒಂದು ದಿನ ಅದರ ಮೇಲೆ ಟಾರ್ಪಾಲು ಎಳೆದೆ. ಓದುಗರೇ, ಆ ಟಾರ್ಪಾಲು ಕಾರಿಗಿಂತ ಹೆಚ್ಚಾಗಿ ನನ್ನ ಕಣ್ಣಿಗೆ ಹೊದಿಸಿದ್ದಾಗಿತ್ತೆಂದು ಈಗ ಅನ್ನಿಸುತ್ತದೆ.

2024ರ ಮೇ ತಿಂಗಳಿನ ಗಾಳಿಮಳೆಗೆ ಶೆಡ್ಡಿನ ಎರಡು ತಗಡು ಹಾರಿಹೋದವು. ಸರಿಪಡಿಸಲು ಬಂದ ಆಳು ಟಾರ್ಪಾಲು ಎತ್ತಿ ನೋಡಿ, "ಗುಜರಿಯವರಿಗೆ ಹೇಳಲಾ ಮೇಷ್ಟ್ರೇ? ತೂಕದ ಲೆಕ್ಕದಲ್ಲಿ ಒಯ್ಯುತ್ತಾರೆ" ಎಂದ. ಬೆಲೆ ಕಟ್ಟಿದನೆಂದು ಅಣ್ಣನನ್ನು ಹಂಗಿಸಿದ ನನ್ನ ಮುಂದೆ ಈಗ ಅದೇ ಕಾರು ಗುಜರಿಯ ತೂಕಕ್ಕೆ ಬಂದು ನಿಂತಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಉತ್ಸಾಹದಿಂದ ಹೊಸ ಬ್ಯಾಟರಿ ತಂದು ಕೂರಿಸಿ ಕೀಲಿ ತಿರುಗಿಸಲು ಹೊರಟಿದ್ದೆ. ಪುಣ್ಯಕ್ಕೆ ಅದೇ ಹೊತ್ತಿಗೆ ನಾನು ಹೇಳಿ ಕಳುಹಿಸಿದ್ದ ಹಳೆಯ ಮೆಕ್ಯಾನಿಕ್ ಬಂದರು. ಅಪ್ಪನ ಕಾಲದಿಂದಲೂ ನಾವು ಅವರನ್ನು ಭಾಯಿ ಎಂದೇ ಕರೆಯುವುದು. ಈಗ ಗ್ಯಾರೇಜನ್ನು ಅವರ ಮಗ ನಡೆಸುತ್ತಾನೆ. "ಕೀಲಿ ಮುಟ್ಟಬೇಡಿ ಮೇಷ್ಟ್ರೇ" ಎಂದು ಅವರು ಗೇಟಿನಿಂದಲೇ ಕೂಗಿದರು. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಎಣ್ಣೆಯೆಲ್ಲ ತಳಕ್ಕಿಳಿದು ಸಿಲಿಂಡರಿನ ಗೋಡೆ ಒಣಗಿರುತ್ತದೆ, ಪಿಸ್ಟನ್ನಿನ ಉಂಗುರಗಳು ತುಕ್ಕಿನಿಂದ ಗೋಡೆಗೆ ಕಚ್ಚಿಕೊಂಡಿರುತ್ತವೆ. ಬಲವಂತವಾಗಿ ತಿರುಗಿಸಿದರೆ ಉಂಗುರ ಮುರಿದು ಗೋಡೆ ಗೀರಿ ಹೋಗುತ್ತದೆ. ಉಳಿಯಬಹುದಾಗಿದ್ದ ಎಂಜಿನ್ ಒಂದೇ ನಿಮಿಷದಲ್ಲಿ ಕೆಡುವುದು ಹೀಗೆ.

ಭಾಯಿ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ಎಣ್ಣೆ ಹೊಯ್ದು, "ಇನ್ನು ಒಂದು ವಾರ ಇದನ್ನು ಸುಮ್ಮನೆ ಬಿಡಿ" ಎಂದು ಹೊರಟುಹೋದರು. ವಾರ ಕಳೆದ ಮೇಲೆ ಎಂಜಿನ್ನಿನ ಮುಂದಿನ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ಮೆಲ್ಲಗೆ ಒತ್ತಿದರು. ಅದು ಅಲುಗಲಿಲ್ಲ. ಮತ್ತೆ ಎಣ್ಣೆ, ಮತ್ತೆ ನಾಲ್ಕು ದಿನ. ಮೂರನೆಯ ಸಲ ಕೂದಲೆಳೆಯಷ್ಟು ಸರಿಯಿತು. ಭಾಯಿ ಮುಂದಕ್ಕೆ ಒತ್ತದೆ ಹಿಂದಕ್ಕೆ ತಂದರು, ಮತ್ತೆ ಮುಂದಕ್ಕೆ. ಅರ್ಧ ಗಂಟೆಯ ಬಳಿಕ ಎಂಜಿನ್ ಪೂರ್ತಿ ಒಂದು ಸುತ್ತು ತಿರುಗಿತು. ಆಗ ಅವರ ಮುಖ ನೋಡಬೇಕಿತ್ತು.

ಇನ್ನು ಒಂದೊಂದೇ ಅಂಗವನ್ನು ನೋಡುತ್ತ ಹೋದೆವು. ಟ್ಯಾಂಕಿನಲ್ಲಿದ್ದ ಹಳೆಯ ಪೆಟ್ರೋಲು ಕಂದು ಅಂಟಾಗಿ ವಾರ್ನಿಷಿನ ವಾಸನೆ ಬೀರುತ್ತಿತ್ತು. ಟ್ಯಾಂಕನ್ನೇ ಬಿಚ್ಚಿ, ಒಳಗೆ ಜಲ್ಲಿಚೂರು ಹಾಕಿ ಕುಲುಕಿ ತುಕ್ಕು ತೆಗೆದು ತೊಳೆದೆವು. ಕಾರ್ಬುರೇಟರಿನ ಸಣ್ಣ ರಂಧ್ರಗಳೆಲ್ಲ ಅದೇ ಅಂಟಿನಿಂದ ಮುಚ್ಚಿದ್ದವು. ಏರ್ ಫಿಲ್ಟರಿನ ಒಳಗೆ ಇಲಿಯ ಗೂಡು, ಸೈಲೆನ್ಸರಿನ ಬಾಯಲ್ಲಿ ಕಣಜದ ಮಣ್ಣಿನ ಗೂಡು. ಹಿಂದಿನ ಸೀಟಿನ ನಾರು, ದೀಪದ ತಂತಿಗಳು ಇಲಿಗಳ ಪಾಲಾಗಿದ್ದವು. ರೇಡಿಯೇಟರಿನಿಂದ ಕೆಂಪು ನೀರು ಬಂತು. ಟೈರುಗಳ ಹಲ್ಲು ಸವೆದಿರಲಿಲ್ಲವೆಂದು ನಾನು ಸಮಾಧಾನಪಟ್ಟರೆ, ಭಾಯಿ ಪಕ್ಕದ ಬಿರುಕುಗಳಲ್ಲಿ ಉಗುರು ತೂರಿಸಿ ತೋರಿಸಿದರು. ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ.

ಅತಿ ಹೆಚ್ಚು ಸಮಯ ಹಿಡಿದದ್ದು ಬ್ರೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ಹದಿನೆಂಟು ಮಳೆಗಾಲದ ತೇವ ಕುಡಿದು ಅದು ನಾಲ್ಕೂ ಚಕ್ರದ ಸಿಲಿಂಡರುಗಳನ್ನು ಒಳಗಿನಿಂದ ತಿಂದಿತ್ತು. "ಎಂಜಿನ್ ಶುರುವಾಗದಿದ್ದರೆ ಯಾರೂ ಸಾಯುವುದಿಲ್ಲ ಮೇಷ್ಟ್ರೇ, ಗಾಡಿ ನಿಲ್ಲದಿದ್ದರೆ ಸಾಯುತ್ತಾರೆ" ಎಂದ ಭಾಯಿ, ಎಂಜಿನ್ನಿಗಿಂತ ಮೊದಲು ಬ್ರೇಕನ್ನೇ ಮುಗಿಸಿದರು. ಬಿಡಿಭಾಗಗಳಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಮೂರು ಸಲ ಹೋಗಿ ಬಂದೆ. ಪೆಟ್ರೋಲಿನ ಹಳೆಯ ರಬ್ಬರ್ ಕೊಳವೆಗಳನ್ನೂ ಬದಲಾಯಿಸಬೇಕಾಯಿತು. ಈಗ ಬಂಕುಗಳಲ್ಲಿ ಸಿಗುವುದು ಎಥನಾಲ್ ಬೆರೆತ ಪೆಟ್ರೋಲು. ಆ ಕಾಲದ ರಬ್ಬರು ಅದಕ್ಕೆ ಮೆತ್ತಗಾಗಿ ಸೋರತೊಡಗುತ್ತದೆ, ಸೋರಿದರೆ ಬೆಂಕಿಯ ಭಯ.

ಹೀಗೆ ಯಂತ್ರದ ಕೆಲಸ ಸಾಗುತ್ತಿದ್ದಾಗ ಕಾಗದಪತ್ರದ ಕೆಲಸ ಎದುರು ನಿಂತಿತು. ಹದಿನೈದು ವರ್ಷ ಮೀರಿದ ಕಾರನ್ನು ಓಡಿಸುವಂತೆಯೇ ಇಲ್ಲವೆಂದು ಅನೇಕರು ನನ್ನನ್ನು ಹೆದರಿಸಿದರು. ಅದು ದೆಹಲಿಯ ಸುತ್ತಮುತ್ತಲಿನ ನಿಯಮದ ಸುದ್ದಿ ಕೇಳಿ ಹುಟ್ಟಿದ ಭಯ. ನಮ್ಮಲ್ಲಿ ಖಾಸಗಿ ಪೆಟ್ರೋಲ್ ಕಾರು ತಪಾಸಣೆಯಲ್ಲಿ ಸೈ ಎನಿಸಿಕೊಂಡರೆ, ಶುಲ್ಕ ಮತ್ತು ತೆರಿಗೆ ಕಟ್ಟಿಸಿಕೊಂಡು ಐದು ವರ್ಷಕ್ಕೆ ನೋಂದಣಿ ನವೀಕರಿಸಿ ಕೊಡುತ್ತಾರೆ. ಐವತ್ತು ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ಎಂಬ ಪ್ರತ್ಯೇಕ ವರ್ಗವನ್ನೇ ಮಾಡಿದೆ. ನಮ್ಮದಕ್ಕೆ ಅದಕ್ಕೆ ಇನ್ನೂ ಐದು ವರ್ಷ ಬೇಕಿತ್ತು.

ಆದರೆ ತೊಡಕು ಬೇರೆಡೆ ಇತ್ತು. ಕಾರು ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಮಾಲೀಕರು ತೀರಿಕೊಂಡರೆ ವಾರಸುದಾರನ ಹೆಸರಿಗೆ ವರ್ಗಾಯಿಸಲು ಫಾರಂ 31 ಎಂಬ ಅರ್ಜಿಯಿದೆ. ಮರಣ ಪ್ರಮಾಣಪತ್ರದ ಜೊತೆಗೆ ಉಳಿದ ವಾರಸುದಾರರ ಒಪ್ಪಿಗೆ ಪತ್ರವನ್ನೂ ತರಬೇಕೆಂದು ಆರ್.ಟಿ.ಓ. ಕಚೇರಿಯಲ್ಲಿ ಹೇಳಿದರು. ಉಳಿದ ವಾರಸುದಾರ ಎಂದರೆ ನನ್ನ ಅಣ್ಣ. ಎಣ್ಣೆ ಹೊಯ್ದು ಎಂಜಿನ್ ಬಿಡಿಸಬಹುದು. ಇದನ್ನು ಬಿಡಿಸುವುದು ಹೇಗೆ?

ಒಪ್ಪಿಗೆ ಪತ್ರವನ್ನು ಕೊರಿಯರಿನಲ್ಲಿ ಕಳುಹಿಸೋಣವೆಂದು ಎರಡು ವಾರ ತಳ್ಳಿದೆ. ನನ್ನ ಹೆಂಡತಿ, "ಕಾರಿಗೆ ನಾಲ್ಕು ತಿಂಗಳು ಕೊಟ್ಟಿರಿ, ಭಾವನವರಿಗೆ ಒಂದು ದಿನ ಕೊಡಲಾಗದೇ?" ಎಂದಳು. ಬಸ್ಸು ಹತ್ತಿ ಮೈಸೂರಿಗೆ ಹೋದೆ. ಅತ್ತಿಗೆ ಬಾಗಿಲು ತೆರೆದು ಒಂದು ಕ್ಷಣ ಮಾತಿಲ್ಲದೆ ನಿಂತು, ಆಮೇಲೆ "ಒಳಗೆ ಬನ್ನಿ, ಊಟ ಆಗಿದೆಯಾ?" ಎಂದರು. ಅಣ್ಣನ ತಲೆ ಪೂರ್ತಿ ನರೆತಿತ್ತು. ಅವನು ಪತ್ರವನ್ನು ಎರಡು ಸಲ ಓದಿದ. ನಾನು ನೆಲ ನೋಡುತ್ತ ಕುಳಿತಿದ್ದೆ.

"ಬ್ರೇಕಿನ ಸಿಲಿಂಡರ್ ಬದಲಾಯಿಸಿದೆಯಾ?" ಎಂದು ಕೇಳಿದ.

"ನಾಲ್ಕೂ ಬದಲಾಯಿಸಿದೆ ಅಣ್ಣ."

ಅವನು ಸಹಿ ಹಾಕಿ ಪೆನ್ನು ಮುಚ್ಚಿದ. "ಆವತ್ತು ನಾನು ಮಾರೋಣ ಎಂದದ್ದು ದುಡ್ಡಿಗಲ್ಲ ಕಣೋ. ನಿನಗೆ ಓಡಿಸಲು ಬಾರದು, ನಾನು ಊರಿನಲ್ಲಿ ಇರುವುದಿಲ್ಲ. ಅದು ನಿಂತಲ್ಲೇ ಕೊಳೆಯುವುದನ್ನು ನೋಡಲಾರೆ ಎಂದು ಹೇಳಿದೆ. ಓಡಿಸುವವರ ಕೈಗಾದರೂ ಸೇರಲಿ ಎಂದಿದ್ದೆ" ಎಂದ.

ನನ್ನಲ್ಲಿ ಉತ್ತರವಿರಲಿಲ್ಲ. ಇಟ್ಟುಕೊಂಡವನು ನಾನು, ಪ್ರೀತಿಸಿದವನು ಅವನು. ಹದಿನೆಂಟು ವರ್ಷ ನಾನು ಇದನ್ನು ತಲೆಕೆಳಗಾಗಿ ತಿಳಿದಿದ್ದೆ. "ತಪ್ಪಾಯಿತು ಅಣ್ಣ" ಎಂದೆ. ಅವನು ಆ ಮಾತನ್ನು ಕೇಳಿಸಿಕೊಳ್ಳದವನಂತೆ, "ಶುರು ಮಾಡುವ ದಿನ ಫೋನು ಮಾಡು" ಎಂದ.

ಅಕ್ಟೋಬರಿನ ಒಂದು ಶನಿವಾರ ಅಣ್ಣ ಬಂದ. ಭಾಯಿ ಹೊಸ ಎಣ್ಣೆ ತುಂಬಿ, ಮೊದಲು ಪ್ಲಗ್ಗುಗಳಿಲ್ಲದೆ ಎಂಜಿನ್ ತಿರುಗಿಸಿ ಎಣ್ಣೆ ಎಲ್ಲೆಡೆಗೂ ಏರಿದ್ದನ್ನು ಖಚಿತಪಡಿಸಿಕೊಂಡರು. ಆಮೇಲೆ ಪ್ಲಗ್ಗು ಹಾಕಿ ಕೀಲಿಯನ್ನು ನನ್ನ ಕೈಗಿತ್ತರು. ನಾನು ತಿರುಗಿಸಿದೆ. ಎಂಜಿನ್ ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುಗಿಸಿದೆ, ಮತ್ತೆ ಅದೇ. ಕಿಟಕಿಯ ಹೊರಗೆ ನಿಂತಿದ್ದ ಅಣ್ಣ, "ಚೋಕ್ ಪೂರ್ತಿ ಎಳಿ, ಆಕ್ಸಿಲರೇಟರ್ ಮೇಲೆ ಕಾಲಿಡಬೇಡ. ಇದಕ್ಕೆ ಅವಸರ ಮಾಡಿದರೆ ಆಗದು" ಎಂದ. ನಾನು ಇಳಿದು ಅವನಿಗೆ ಸೀಟು ಬಿಟ್ಟುಕೊಟ್ಟೆ. ಅವನು ಕುಳಿತು ಅಪ್ಪ ಮಾಡುತ್ತಿದ್ದಂತೆಯೇ ಸ್ಟಿಯರಿಂಗನ್ನು ಅಂಗೈಯಿಂದ ಒಮ್ಮೆ ಒರೆಸಿ ಕೀಲಿ ತಿರುಗಿಸಿದ. ನಾವು ಹೊಯ್ದಿದ್ದ ಎಣ್ಣೆಯೆಲ್ಲ ಉರಿದು ಅಂಗಳದ ತುಂಬ ನೀಲಿ ಹೊಗೆ ಎದ್ದಿತು. ಆ ಹೊಗೆಯಲ್ಲಿ ಯಾರ ಕಣ್ಣು ಯಾಕೆ ತೇವವಾಯಿತೆಂದು ಯಾರೂ ಕೇಳಲಿಲ್ಲ. ಭಾಯಿ ಮಾತ್ರ ಎಣ್ಣೆಯ ಒತ್ತಡದ ಕೆಂಪು ದೀಪ ಆರಿತೇ ಎಂದು ಬಗ್ಗಿ ನೋಡುತ್ತಿದ್ದರು. ದೀಪ ಆರಿತ್ತು.

ವಿಮೆ ಮಾಡಿಸಿ, ಕಾರನ್ನು ಬೇರೆ ವಾಹನಕ್ಕೇರಿಸಿ ತಪಾಸಣೆಗೆ ಒಯ್ದೆವು. ಮೊದಲ ಸಲ ಹಿಂದಿನ ದೀಪ ಉರಿಯದೆ ವಾಪಸು ಕಳುಹಿಸಿದರು. ಎರಡನೆಯ ಸಲ ಒಪ್ಪಿದರು. ಇಷ್ಟಕ್ಕೆಲ್ಲ ಆದ ಖರ್ಚು ಕಾರಿನ ಬೆಲೆಗಿಂತ ಹೆಚ್ಚೆಂಬುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ನೆಲದ ತಗಡಿನಲ್ಲಿ ತೇಪೆಯಿದೆ, ಮಾಸಿದ ಬಣ್ಣ ಹಾಗೆಯೇ ಇದೆ. ಅಣ್ಣ ತಮ್ಮಂದಿರಲ್ಲೂ ಎಲ್ಲವೂ ಹೊಸದಾಗಿಲ್ಲ. ಕೆಲವು ವಿಷಯಗಳನ್ನು ನಾವಿಬ್ಬರೂ ಇನ್ನೂ ಎತ್ತುವುದಿಲ್ಲ. ಆದರೆ ಅವನು ಈಗ ಆಗಾಗ ಹಾಸನಕ್ಕೆ ಬರುತ್ತಾನೆ. ಮೊದಲ ದೊಡ್ಡ ಸವಾರಿ ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚಿನವರೆಗೆ. ಹೇಮಾವತಿಯ ಹಿನ್ನೀರಿನ ಅಂಚಿನಲ್ಲಿ ಕಾರು ನಿಲ್ಲಿಸಿ, ಅತ್ತಿಗೆ ಕಟ್ಟಿಕೊಟ್ಟಿದ್ದ ಚಿತ್ರಾನ್ನ ತಿಂದು ಬಂದೆವು. ಅರವತ್ತು ದಾಟಿದ ನನಗೆ ಅಣ್ಣ ಈಗ ಡ್ರೈವಿಂಗ್ ಕಲಿಸುತ್ತಿದ್ದಾನೆ, ಬೈಗುಳಗಳ ಸಮೇತ.

ಓದುಗರೇ, ನಿಮ್ಮ ಶೆಡ್ಡಿನಲ್ಲೂ ಅಂತಹ ವಾಹನವೊಂದಿದ್ದರೆ ದಯವಿಟ್ಟು ಆತುರದಿಂದ ಕೀಲಿ ತಿರುಗಿಸಬೇಡಿ; ಮೊದಲು ಎಣ್ಣೆ ಹೊಯ್ದು ಕೆಲವು ದಿನ ಕಾಯಿರಿ. ಉಳಿಸಿಕೊಳ್ಳಲು ನಿಮ್ಮಿಂದ ಆಗದಿದ್ದರೆ ಓಡಿಸುವವರ ಕೈಗೆ ಕೊಡಿ. ಅದು ಹಿರಿಯರಿಗೆ ಮಾಡುವ ಅವಮಾನವಲ್ಲ. ಇನ್ನು, ಯಾರ ಸಹಿಗಾಗಿಯಾದರೂ ಕಾಗದವೊಂದು ನಿಮ್ಮ ಮೇಜಿನ ಮೇಲೆ ಕಾಯುತ್ತಿದ್ದರೆ, ಅದನ್ನು ಕೊರಿಯರಿಗೆ ಹಾಕಬೇಡಿ. ನೀವೇ ಬಸ್ಸು ಹತ್ತಿ ಹೋಗಿ.