ಸುಟ್ಟ ಗೋಧಿಯ ಹಿಟ್ಟು

ಇಟಲಿಯ ಭೂಪಟವನ್ನು ಬೂಟಿಗೆ ಹೋಲಿಸುವುದುಂಟಷ್ಟೆ. ಆ ಬೂಟಿನ ಹಿಮ್ಮಡಿಯೇ ಪುಲ್ಯಾ ಪ್ರಾಂತ. ರೈತರು ತಮ್ಮ ಮನೆಗಳಲ್ಲಿ ಪ್ರವಾಸಿಗರಿಗೆ ಊಟ-ವಸತಿ ನೀಡುವುದಕ್ಕೆ ಆ ದೇಶದಲ್ಲಿ 1985ರಲ್ಲಿ ಕಾನೂನೇ ಆಯಿತು. ಅಂಥದೊಂದು ತೋಟದ ಮನೆಯಲ್ಲಿ ನಾವು ಸಂಸಾರಸಮೇತರಾಗಿ ಮೂರು ದಿನ ತಂಗಿದ್ದೆವು.

ಸುತ್ತಲೂ ಆಲಿವ್ ಮರಗಳು. ಹಿತ್ತಲಲ್ಲಿ ಕಲ್ಲಿನ ಗಿರಣಿ. ಉಕ್ಕಿನ ಉರುಳೆಗಳು ಹೊಟ್ಟನ್ನೂ ಅಂಕುರವನ್ನೂ ಬೇರ್ಪಡಿಸಿಬಿಡುತ್ತವೆ. ಕಲ್ಲು ಎಲ್ಲವನ್ನೂ ಒಟ್ಟಿಗೆ ಬೀಸುತ್ತದೆ. ಹಿಟ್ಟಿಗೆ ಕಂಪು ಹೆಚ್ಚು, ಬಾಳಿಕೆ ಕಡಿಮೆ. ಮನೆಯ ಅಜ್ಜಿ ಗಟ್ಟಿಗೋಧಿಯ ರವೆಯನ್ನು ಬರಿಯ ನೀರಿನಲ್ಲಿ ನಾದಿ, ಹುರಿ ಹೊಸೆದು, ತುಂಡರಿಸಿ, ಒಂದೊಂದನ್ನೂ ಚಾಕುವಿನಿಂದ ಎಳೆದು ಹೆಬ್ಬೆರಳ ಮೇಲೆ ಮಗುಚಿದರು. 'ಒರೆಕ್ಕಿಯೆತ್ತೆ', ಎಂದರೆ ಪುಟ್ಟ ಕಿವಿ, ಸಿದ್ಧವಾಯಿತು! ಶಾವಿಗೆ ಹೊಸೆಯುವುದರಲ್ಲಿ ನಿಪುಣೆಯೆನಿಸಿದ ನನ್ನಾಕೆಯ ಹಿಟ್ಟಿನ ಕಿವಿಗಳೂ ಮೊದಮೊದಲು ಹರಿದೇಹೋದವು.

ರಾತ್ರಿ ಬಡಿಸಿದ್ದು ಕಪ್ಪು ಕಿವಿಗಳು. ಅವಕ್ಕೆ ಹೊಗೆಯ ರುಚಿ. ಕೊಯಿಲಾದ ಹೊಲದ ಕೂಳೆಗೆ ಬೆಂಕಿಯಿಟ್ಟ ಮೇಲೆ ಬಡವರು ಆಯ್ದು ತರುತ್ತಿದ್ದ ಸುಟ್ಟ ಕಾಳಿನ ಹಿಟ್ಟಂತೆ ಅದು. ಈಗ ಗೋಧಿಯನ್ನು ಬೇಕೆಂದೇ ಹುರಿದು ಬೀಸುತ್ತಾರೆ. ಸೊಗಸಾಗಿದೆಯೆಂದು ನಾವೆಲ್ಲ ಎರಡೆರಡು ಬಾರಿ ಬಡಿಸಿಕೊಂಡೆವು. ಅಜ್ಜಿ ಮಾತ್ರ ಅದನ್ನು ಮುಟ್ಟಲಿಲ್ಲ. ಕಾರಣ ಕೇಳಿದಾಗ ಮೊಮ್ಮಗ ಮೆಲ್ಲನೆ ಹೇಳಿದ:

"ಅಜ್ಜಿ ಅದನ್ನು ಬಾಲ್ಯದಲ್ಲಿಯೇ ಬೇಕಾದಷ್ಟು ತಿಂದಿದ್ದಾರೆ."

ಮೂರನೆಯ ಬಾರಿ ತಟ್ಟೆಯನ್ನು ಮುಂದೊಡ್ಡಲು ನನಗೆ ಕೈ ಬರಲಿಲ್ಲ.