ಎಪ್ಪತ್ತರಲ್ಲಿ ಒಂದು ಬೀಜ ಕಮ್ಮಿ

ನಮ್ಮ ಪಾಂಡವಪುರದ ಕಡೆ ಕಬ್ಬಿನ ಗದ್ದೆಗೆ ಚಿರತೆ ಬರೋದು ಈಗ ಹೊಸ ಸುದ್ದಿಯಲ್ಲ. ಹೊತ್ತು ಮುಳುಗುತ್ಲೂ ಐಕ್ಳನ್ನ ಒಳಕ್ಕೆ ಕರ್ಕೊಂಡು ಬಾಗಿಲು ಹಾಕ್ಬೇಕು. ಒಳಗೆ ಬಂದ್ಮೇಲೆ ಏನು? ಮೊಬೈಲು. ನಿಮ್ಮಟ್ಟೀಲೂ ಇದೇ ಕಥೆ ಅಂತ ನಂಗೊತ್ತು ಕಣ್ರವ್ವಾ.

ಮೊಮ್ಮಗಳಿಗೆ ಆರು ವರ್ಷ, ಮೊಮ್ಮಗನಿಗೆ ಮೂರು. ಸೊಸೆ ಗಾರ್ಮೆಂಟ್ಸಿಂದ ಬರೋದು ಏಳು ಗಂಟೆಗೆ. ಅಲ್ಲೀಗಂಟ ನಂದೇ ಜವಾಬ್ದಾರಿ. ಮೊಬೈಲು ಕಿತ್ಕೊಂಡ್ರೆ ಸೂರು ಹಾರೋಗಂಗೆ ಅರಚೋವು. ನಮ್ಮವ್ವ ನಮ್ಮನ್ನ ಹೆಂಗೆ ಸುಧಾರಿಸ್ತಿದ್ಲು ಅಂತ ಯೋಚನೆ ಮಾಡ್ದೆ.

ನನ್ನ ತವರು ನಾಗಮಂಗಲದ ಸೀಮೆ. ಅವ್ವ ಮೊರದಲ್ಲಿ ರಾಗಿ ಹರವಿ ಬೆರಳಲ್ಲಿ ಅಕ್ಷರ ತಿದ್ದುಸೋಳು. ತಪ್ಪಾದ್ರೆ ಮೊರ ಒಂದ್ಸಲ ಅಲ್ಲಾಡ್ಸಿದ್ರೆ ಆಯ್ತು, ರಬ್ಬರೂ ಬೇಡ, ಬೈಗುಳಾನೂ ಬೇಡ. ಅದನ್ನೇ ಶುರು ಮಾಡ್ದೆ. ಆಮೇಲೆ ನಡುಮನೇಲಿ ಸೀಮೆಸುಣ್ಣದಲ್ಲಿ ಎಂಟು ಮನೆ ಬರೆದು, ಒಂದೊಂದ್ರಲ್ಲೂ ಒಂದೊಂದು ಅಂಕಿ ಹಾಕ್ದೆ. ನಾನು "ಐದು" ಅಂದ್ರೆ ಐದಕ್ಕೆ ಕುಂಟ್ಕೊಂಡು ಹೋಗ್ಬೇಕು, "ಎರಡೂ ಮೂರೂ ಸೇರ್ಸು" ಅಂದ್ರೂ ಅಲ್ಲಿಗೇ ಹೋಗ್ಬೇಕು. ಹತ್ತು ನಿಮಿಷ ಕುಣಿದ್ರೆ ಮುದ್ದೆ ತಾನಾಗೇ ಒಳಕ್ಕೆ ಇಳೀತದೆ. ಚಿಕ್ಕವನಿಗೆ ಪಾವು, ಅಚ್ಚೇರು, ಸೇರು ಕೊಟ್ಟು ಬಚ್ಚಲಲ್ಲಿ ನೀರು ಅಳೆಯಕ್ಕೆ ಬುಟ್ಟೆ. ಎರಡು ಪಾವಿಗೆ ಅಚ್ಚೇರು, ನಾಕು ಪಾವಿಗೆ ಸೇರು. ಲೀಟರ್ ಬಂದ ಮೇಲೆ ಮೂಲೆ ಸೇರಿದ್ದ ಅಳತೆಗೆ ಮತ್ತೆ ಕೆಲಸ ಸಿಕ್ತು.

ಆಮೇಲೆ ಅಟ್ಟದಿಂದ ಅವ್ವನ ಅಳಗುಳಿ ಮಣೆ ಇಳಿಸ್ದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಮಣೆ ಆಟ ಅಂದ್ರೆ ಬಲು ಇಷ್ಟ, ನಮಗೇನು ಕಮ್ಮಿ! ಆ ಕಡೆ 7, ಈ ಕಡೆ 7, ಒಟ್ಟು 14 ಗುಳಿ. ಗುಳಿಗೆ ಐದರಂಗೆ 70 ಹುಣಸೆ ಬೀಜ. ಮೊಮ್ಮಗಳು ವಾರದಲ್ಲೇ ಐದೈದಾಗಿ ಎಣಿಸೋದು ಕಲ್ತಳು. ನಾನು ಬೀಗಿದ್ದೇ ಬೀಗಿದ್ದು.

ಒಂದಿನ ಆಟ ಮುಗಿಸಿ ಬೀಜ ಡಬ್ಬಕ್ಕೆ ತುಂಬ್ತಿದ್ದೋ. "ಅಜ್ಜಿ, ಅರವತ್ತೊಂಬತ್ತೇ ಅವೆ" ಅಂದ್ಳು. "ಎಲ್ಲೋ ಉರುಳಿರ್ತದೆ ಬುಡು" ಅಂದೆ. ಆ ಮಗು ಬುಡಲಿಲ್ಲ. ಚಾಪೆ ಕೊಡವಿದ್ಳು, ಮಣೆ ಮಗುಚಿದ್ಳು. ಕೊನೆಗೆ ತಮ್ಮನ ಮುಖ ನೋಡಿ, "ಅಜ್ಜಿ, ಇವನು ಮೂಗು ಉಜ್ಕೋತಾವನೆ" ಅಂದ್ಳು.

ನನ್ನ ಕೈಕಾಲು ತಣ್ಣಗಾದವು. ಹೇರ್‌ಪಿನ್ ತಕೊಳ್ಳೋಕೆ ಕೈ ಹೋಗಿತ್ತು, ಅಷ್ಟ್ರಲ್ಲಿ ಪಕ್ಕದ್ಮನೆ ಅಕ್ಕ ಬಂದು "ಮುಟ್ಬೇಡ, ಇನ್ನೂ ಒಳಕ್ಕೆ ಹೋಯ್ತದೆ" ಅಂತ ತಡೆದ್ರು. ಆಟೋ ಹಿಡಿದು ಆಸ್ಪತ್ರೆಗೆ ಓಡಿದ್ವಿ. ಡಾಕ್ಟ್ರು ಕೊಕ್ಕೆಯಂಥದ್ರಲ್ಲಿ ಒಂದೇ ನಿಮಿಷಕ್ಕೆ ತೆಗೆದ್ರು. "ಇವತ್ತೇ ಬಂದಿದ್ದು ಒಳ್ಳೇದಾಯ್ತು" ಅಂದ್ರು.

ಸೊಸೆ ಅಲ್ಲಿಗೇ ಬಂದ್ಳು. ಮಗೂನ ಎತ್ಕೊಂಡು ಒಂದೇ ಮಾತು ಅಂದಿದ್ದು: "ಮೊಬೈಲು ಮೂಗೊಳಕ್ಕೆ ಹೋಗಲ್ಲ ಅತ್ತೆ."

ನಾನು ಏನೂ ಅನ್ನಲಿಲ್ಲ. ಅನ್ನೋಕೆ ಏನಿತ್ತು? ತಪ್ಪು ನಂದೇ. ಮೂರು ವರ್ಷದ ಕೂಸಿನ ಕೈಗೆ ಬೀಜ ಸಿಗೋ ಹಂಗೆ ಇಟ್ಟಿದ್ದು ನಾನು. ಮಣೆ ಅಟ್ಟಕ್ಕೆ ಹೋಯ್ತು, ಮೊಬೈಲು ಕೆಳಕ್ಕೆ ಬಂತು. ಒಂದು ವಾರ ಮನೇಲಿ ಯೂಟ್ಯೂಬಿನದೇ ಸದ್ದು.

ಮತ್ತೆ ಶುರು ಮಾಡ್ಸಿದ್ದು ಮೊಮ್ಮಗಳೇ. "ಅಜ್ಜಿ, ದಪ್ಪದಪ್ಪದ್ರಲ್ಲಿ ಆಡವಾ" ಅಂದ್ಳು. ಈರುಳ್ಳಿ, ನಿಂಬೆಹಣ್ಣು, ತೆಂಗಿನ ಕರಟ ತಂದು ಗುಡ್ಡೆ ಹಾಕಿದ್ವಿ. ಬೈತಲೆ ತೆಗೆದಂಗೆ ನಡುವೆ ಗೆರೆ ಎಳೆದು, ಆ ಕಡೆ ಎಷ್ಟು, ಈ ಕಡೆ ಎಷ್ಟು ಅಂತ ಓಡಾಡಿ ಜೋಡಿಸೋದು. ಹಳೇ ಸೀರೆ ಚೂರು ಸುತ್ತಿ ಚೆಂಡು ಮಾಡಿ ಮಂಕರಿಗೆ ಎಸೆಯೋದು. ಚೀಲದೊಳಕ್ಕೆ ಕೈ ಹಾಕಿ ನೋಡ್ದೆ ತರಕಾರಿ ಹೆಸರು ಹೇಳೋದು. ಚಿಕ್ಕವನು ಹೀರೇಕಾಯಿ ಹಿಡ್ಕೊಂಡು "ಮೊಸಳೆ" ಅಂದ.

ಅವತ್ತು ಸೊಸೆ ಬೇಗ ಬಂದಿದ್ಳು. ಬಾಗಿಲಲ್ಲೇ ನಿಂತು ನೋಡಿದ್ಳು. ಬ್ಯಾಗ್ ಇಟ್ಟು, ಸೆರಗು ಸಿಗಿಸ್ಕೊಂಡು, ಮಗ "ಆರು" ಅಂದಿದ್ದಕ್ಕೆ ಕುಂಟಿ ಆರನೇ ಮನೆ ಮುಟ್ಟಿದ್ಳು. ರಾತ್ರಿ ಚಿಕ್ಕವನು ಮಲಗಿದ ಮೇಲೆ ಅವಳೇ ಅಟ್ಟ ಹತ್ತಿ ಅಳಗುಳಿ ಮಣೆ ಇಳಿಸಿ, "ಬನ್ನಿ ಅತ್ತೆ, ಮೂರೂ ಜನ ಆಡವಾ" ಅಂದ್ಳು.

ಈಗ ನಮ್ಮಟ್ಟೀಲಿ ಎರಡೇ ಕಾನೂನು. ಚಿಕ್ಕ ಕೂಸು ಎಚ್ಚರವಿದ್ದಾಗ ಬೀಜ, ಗೋಲಿ, ಕವಡೆ ಕೆಳಕ್ಕೆ ಇಳಿಯಂಗಿಲ್ಲ. ಆಟ ಮುಗಿದ ಮೇಲೆ ಎಪ್ಪತ್ತು ಎಣಿಸದೆ ಯಾರೂ ಏಳಂಗಿಲ್ಲ. ಎಣಿಸೋದು ಮೊಮ್ಮಗಳ ಕೆಲಸ. ಅವಳ ಲೆಕ್ಕಕ್ಕೆ ನಾನು ಇನ್ನು ಯಾವತ್ತೂ "ಬುಡು" ಅನ್ನಲ್ಲ.